‘ಕಂಪ್ಯೂಟರ್ ಹೋಯ್ತು’ ಅಂದರೆ ಏನು ಹೋಯ್ತು?

ಒಂದು ಸಂಜೆ ದೊಡ್ಡಮ್ಮನ ಫೋನು. “ಕಂಪ್ಯೂಟರ್ ಹೋಗ್ಬಿಟ್ಟಿದೆ ಕಣೋ. ಬೆಳಿಗ್ಗೆ ಚೆನ್ನಾಗೇ ಇತ್ತು.”

“ಆನ್ ಆಗುತ್ತಾ ದೊಡ್ಡಮ್ಮ?”

“ಆಗುತ್ತೆ.”

“ಪರದೆ ಮೇಲೆ ಏನಾದ್ರೂ ಕಾಣುತ್ತಾ?”

“ಎಲ್ಲಾ ಕಾಣುತ್ತೆ. ಆದ್ರೆ ಹೋಗಿದೆ.”

ಹತ್ತು ನಿಮಿಷ ಕೆದಕಿದ ಮೇಲೆ ವಿಷಯ ತಿಳಿಯಿತು. ಪರದೆಯ ಕೆಳಗಿನ ಪಟ್ಟಿಯಲ್ಲಿ ಬ್ರೌಸರಿನ ಚಿತ್ರ ಇರಲಿಲ್ಲ. ಮೌಸ್ ಒತ್ತುವಾಗ ಎಲ್ಲೋ ಕೈತಪ್ಪಿ ಅಲ್ಲಿಂದ ಕಿತ್ತುಹೋಗಿತ್ತು, ಅಷ್ಟೆ. ಬ್ರೌಸರ್ ಒಳಗೇ ಇತ್ತು, ಇಂಟರ್ನೆಟ್ ಬರುತ್ತಿತ್ತು, ಯಂತ್ರ ಗಟ್ಟಿಮುಟ್ಟಾಗಿತ್ತು. ಆದರೆ ದೊಡ್ಡಮ್ಮನ ಪಾಲಿಗೆ ಆ ಬಣ್ಣದ ಚಿತ್ರವೇ ಬ್ರೌಸರ್, ಬ್ರೌಸರೇ ಇಂಟರ್ನೆಟ್, ಇಂಟರ್ನೆಟ್ಟೇ ಕಂಪ್ಯೂಟರ್.

ಇದು ನಗುವ ವಿಷಯವಲ್ಲ. ವರ್ಷಗಟ್ಟಲೆ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆಯೇ ಕೂತವರೂ “ನನ್ನ ಫೈಲು ವರ್ಡ್‌ನಲ್ಲಿದೆ” ಎನ್ನುವುದನ್ನು ಕೇಳಿದ್ದೇನೆ. ಫೈಲು ವರ್ಡ್‌ನಲ್ಲಿ ಇರುವುದಿಲ್ಲ. ಅದು ಇರುವುದು ಡಿಸ್ಕಿನಲ್ಲಿ. ವರ್ಡ್ ಅದನ್ನು ತೆರೆದು ತೋರಿಸುತ್ತದೆ. ಬೇರೆ ಯಾವುದಾದರೂ ತಂತ್ರಾಂಶವೂ ತೆರೆದು ತೋರಿಸಬಹುದು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ವರ್ಡ್ ತೆರೆಯದ ದಿನ “ನನ್ನ ಫೈಲೆಲ್ಲ ಹೋಯ್ತು” ಎಂದು ಎದೆ ಧಸಕ್ಕೆನ್ನುತ್ತದೆ.

ಯಂತ್ರ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಓಡುವ ತಂತ್ರಾಂಶ, ನಮ್ಮ ಫೈಲುಗಳು, ಇಂಟರ್ನೆಟ್ಟಿನಾಚೆ ಇರುವ ನಮ್ಮ ಖಾತೆ: ಈ ಐದೂ ನಮಗೆ ಒಂದೇ ಮುದ್ದೆಯಾಗಿ ಕಾಣುತ್ತವೆ. ಹಾಗೆ ಕಾಣಲಿ ಎಂದೇ ಮಾರುವವರು ಬಯಸುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲವೂ ಸರಿಯಿರುವವರೆಗೆ ಮುದ್ದೆಯೇ ಸುಖ. ಕೆಟ್ಟಾಗ ಮಾತ್ರ ಯಾವುದು ಕೆಟ್ಟಿದೆ ಎಂದು ಹೇಳಲು ಬಾಯಿ ಬರುವುದಿಲ್ಲ.

ಸಾಮಾನ್ಯ ಬಳಕೆದಾರರು ಕಂಪ್ಯೂಟರಿನ ಮೂಲಪಾಠ ಕಲಿಯಬೇಕೆ ಎನ್ನುವುದು ಒಂದು ಪ್ರಶ್ನೆ. ವಿಂಡೋಸ್ ಬಿಟ್ಟು ಲಿನಕ್ಸ್‌ನಂಥ ಬೇರೊಂದು ಆಪರೇಟಿಂಗ್ ಸಿಸ್ಟಮ್ಮನ್ನು ಪ್ರಯತ್ನಿಸಿ ನೋಡಬೇಕೆ ಎನ್ನುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಚರ್ಚಿಸುತ್ತಾರೆ. ನನ್ನ ಮಟ್ಟಿಗೆ ಇವು ಒಂದೇ ಪ್ರಶ್ನೆಯ ಎರಡು ತುದಿಗಳು. ಮುದ್ದೆಯನ್ನು ಬಿಡಿಸಿ ನೋಡಲು ಎರಡನೆಯದೊಂದು ಆಪರೇಟಿಂಗ್ ಸಿಸ್ಟಮ್ಮಿನಷ್ಟು ಒಳ್ಳೆಯ ಉಪಾಯ ನನಗೆ ಬೇರೆ ಕಂಡಿಲ್ಲ. ಅದಕ್ಕಾಗಿ ಇರುವುದನ್ನು ಬಿಟ್ಟು ಬರಬೇಕಾಗಿಲ್ಲ. ಇಂಗ್ಲಿಷ್ ವ್ಯಾಕರಣ ಕಲಿಯಲು ಕೂತಾಗಲೇ ಅಲ್ಲವೇ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದು ನಮಗೆ ಹೊಳೆದದ್ದು? ಅದಕ್ಕೆ ಮೊದಲೂ ಕೊನೆಗೇ ಬರುತ್ತಿತ್ತು.

ಗುಂಡಿ ಒತ್ತಿದ ಮೇಲೆ

ಪವರ್ ಗುಂಡಿ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿನ ಪುಟ್ಟ ಚಿಪ್ಪಿನಲ್ಲಿ ಒಂದು ಸಣ್ಣ ತಂತ್ರಾಂಶ ಕೂತಿರುತ್ತದೆ. ಹಿಂದೆ ಅದನ್ನು ಬಯೋಸ್ ಎನ್ನುತ್ತಿದ್ದರು, ಈಗಿನದಕ್ಕೆ ಯುಇಎಫ್ಐ ಎಂದು ಹೆಸರು. ಅದು ಮೆಮೊರಿ ಇದೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಎಲ್ಲಿ ಎಂದು ತಡಕಾಡುತ್ತದೆ. ಆಮೇಲೆ ‘ಇಲ್ಲಿಂದ ಶುರುಮಾಡು’ ಎಂದು ಗುರುತು ಹಾಕಿರುವ ಡಿಸ್ಕನ್ನು ಹುಡುಕಿ, ಅಲ್ಲಿರುವ ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಮಿಗೆ ಯಜಮಾನಿಕೆ ಒಪ್ಪಿಸುತ್ತದೆ. ಬೂಟ್‌ಲೋಡರ್ ಕರ್ನೆಲನ್ನು ಮೆಮೊರಿಗೆ ಎಳೆದು ತರುತ್ತದೆ. ಹೆಸರೇ ಹೇಳುವಂತೆ ಕರ್ನೆಲ್ ಎಂದರೆ ತಿರುಳು, ಆಪರೇಟಿಂಗ್ ಸಿಸ್ಟಮ್ಮಿನ ಜೀವ ಇರುವ ಜಾಗ.

ದೊಡ್ಡ ಮನೆತನದ ಪಾರುಪತ್ಯಗಾರನನ್ನು ನೆನೆಸಿಕೊಳ್ಳಿ. ಉಗ್ರಾಣದ ಬೀಗದಕೈ ಅವನ ಸೊಂಟದಲ್ಲಿ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಯಾರು ಯಾವ ಕೋಣೆಗೆ ಹೋಗಬಹುದು, ಎಲ್ಲ ತೀರ್ಮಾನವೂ ಅವನದು. ಕರ್ನೆಲ್ ಮಾಡುವುದೂ ಅದನ್ನೇ. ಬ್ರೌಸರಿಗೆ ಎಷ್ಟು ಮೆಮೊರಿ, ಹಾಡು ನುಡಿಸುವ ಪ್ರೋಗ್ರಾಮಿಗೆ ಪ್ರೊಸೆಸರಿನ ಎಷ್ಟು ಕಾಲ, ಪ್ರಿಂಟರಿನ ಜೊತೆ ಮಾತಾಡುವವರು ಯಾರು ಎಂದು ಅದು ಹಂಚುತ್ತದೆ. ಯಾವ ತಂತ್ರಾಂಶವೂ ನೇರವಾಗಿ ಡಿಸ್ಕನ್ನು ಮುಟ್ಟುವಂತಿಲ್ಲ. ‘ಈ ಫೈಲು ಕೊಡು’ ಎಂದು ಕರ್ನೆಲನ್ನು ಕೇಳಬೇಕು. ಕರ್ನೆಲಿಗೆ ಪ್ರಿಂಟರಿನ ಭಾಷೆ ಬರದಿದ್ದರೆ ದುಭಾಷಿ ಬೇಕು, ಅದೇ ಡ್ರೈವರ್. ಇವೆಲ್ಲದರ ಮೇಲೆ ನಾವು ನೋಡುವ ಕಿಟಕಿ, ಪಟ್ಟಿ, ಚಿತ್ರಗಳು ಬಂದು ಕೂರುತ್ತವೆ. ನಾವು ‘ವಿಂಡೋಸ್’ ಎಂದು ಗುರುತಿಸುವುದು ಬಹುಮಟ್ಟಿಗೆ ಆ ಮೇಲುಹೊದಿಕೆಯನ್ನು.

ಈ ಸರಪಳಿ ಗೊತ್ತಿದ್ದವರಿಗೆ ದೂರು ಹೇಳುವುದಕ್ಕೂ ಬರುತ್ತದೆ. ಗುಂಡಿ ಒತ್ತಿದರೆ ದೀಪವೂ ಹತ್ತದಿದ್ದರೆ ತೊಂದರೆ ಯಂತ್ರದಲ್ಲೋ ವಿದ್ಯುತ್ತಿನಲ್ಲೋ ಇದೆ. ತಯಾರಕರ ಲಾಂಛನ ಬಂದು ಅಲ್ಲೇ ನಿಂತರೆ ಡಿಸ್ಕೋ ಬೂಟ್‌ಲೋಡರೋ ಇರಬಹುದು. ಒಳಗೆ ಹೋದ ಮೇಲೆ ಒಂದೇ ತಂತ್ರಾಂಶ ಮುಚ್ಚಿಕೊಳ್ಳುತ್ತಿದ್ದರೆ ಅದು ಆ ತಂತ್ರಾಂಶದ ಪಾಡು, ಅದಕ್ಕಾಗಿ ಇಡೀ ಯಂತ್ರವನ್ನು ‘ಫಾರ್ಮ್ಯಾಟ್’ ಮಾಡಿಸಬೇಕಾಗಿಲ್ಲ, ಅಂದರೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿಸಬೇಕಾಗಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಎಂದ ಕೂಡಲೇ ತಲೆಯಾಡಿಸಿ ಫೋಟೊಗಳನ್ನು ಕಳೆದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.

476 ಜಿಬಿಯ ಒಗಟು

ಎರಡನೆಯ ಸಿಸ್ಟಂ ಮೊದಲನೆಯದನ್ನು ಅರ್ಥಮಾಡಿಸುತ್ತದೆ ಎಂದೆ. ಅದು ಹೇಗೆ ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆಯೊಂದಿದೆ.

ಪೆಟ್ಟಿಗೆಯ ಮೇಲೆ 512 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸಿನಲ್ಲಿ ನೋಡಿದರೆ ಒಟ್ಟು 476 ಜಿಬಿ ಎನ್ನುತ್ತದೆ. 36 ಜಿಬಿ ಯಾರು ನುಂಗಿದರು? ಡಿಸ್ಕ್ ಮಾಡಿದವರು ಮೋಸಮಾಡಿದರೆಂದು ಕೆಲವರೂ, ವಿಂಡೋಸೇ ಆ ಜಾಗ ಹಿಡಿದಿದೆಯೆಂದು ಕೆಲವರೂ ಹೇಳುತ್ತಾರೆ. ಅದೇ ಡಿಸ್ಕನ್ನು ಉಬುಂಟು ಎಂಬ ಲಿನಕ್ಸ್ ಸಿಸ್ಟಮ್ಮಿನ ಡಿಸ್ಕ್ ತೋರಿಸುವ ಉಪಕರಣದಲ್ಲಿ ತೆರೆದರೆ 512 ಜಿಬಿ ಎಂದೇ ಬರುತ್ತದೆ. ಮ್ಯಾಕ್ ಕೂಡ 2009ರಿಂದ ಹೀಗೇ ಲೆಕ್ಕ ಹಾಕುತ್ತಿದೆ. ಡಿಸ್ಕ್ ಒಂದೇ, ಅಂಕಿ ಎರಡು. ಹಾಗಾದರೆ ಬದಲಾದದ್ದು ಡಿಸ್ಕಲ್ಲ, ಅಳತೆಗೋಲು.

ಡಿಸ್ಕ್ ತಯಾರಕರಿಗೆ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. 1024 ಇಂಟು 1024 ಇಂಟು 1024 ಎಂದರೆ 107 ಕೋಟಿಗೂ ಸ್ವಲ್ಪ ಹೆಚ್ಚು. ದೊಡ್ಡ ಸೇರಿನಿಂದ ಅಳೆದರೆ ಸೇರುಗಳ ಲೆಕ್ಕ ಕಡಿಮೆ ಬರುತ್ತದೆ, ಕಾಳು ಅಷ್ಟೇ ಇರುತ್ತದೆ. ಒಂದೇ ಸಿಸ್ಟಂ ನೋಡಿದವರಿಗೆ 476 ಎನ್ನುವುದು ಡಿಸ್ಕಿನ ಗುಣ. ಎರಡು ನೋಡಿದವರಿಗೆ ಅದು ಆಪರೇಟಿಂಗ್ ಸಿಸ್ಟಮ್ಮಿನ ಅಭಿಪ್ರಾಯ.

ಇಂಥ ಎಷ್ಟೋ ‘ಅಭಿಪ್ರಾಯ’ಗಳನ್ನು ನಾವು ಸೃಷ್ಟಿನಿಯಮ ಎಂದುಕೊಂಡಿರುತ್ತೇವೆ. ಸಿ ಡ್ರೈವ್ ತಗೊಳ್ಳಿ. ಎ, ಬಿ ಎಲ್ಲಿ ಹೋದವು? 1981ರ ಐಬಿಎಂ ಪಿಸಿಯಲ್ಲಿ ಫ್ಲಾಪಿ ಡ್ರೈವುಗಳಿಗೆ ಎ, ಬಿ ಎಂಬ ಹೆಸರಿದ್ದವು. 1983ರಲ್ಲಿ ಬಂದ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಸೇರಿ ಸಿ ಆಯಿತು. ಫ್ಲಾಪಿ ಸತ್ತು ಎಷ್ಟೋ ಕಾಲವಾಯಿತು, ಅದರ ಕುರ್ಚಿಗಳು ಮಾತ್ರ ಖಾಲಿ ಉಳಿದಿವೆ. ಲಿನಕ್ಸಿನಲ್ಲಿ ಸಿ ಡ್ರೈವೇ ಇಲ್ಲ. ಒಂದು ಬೇರು, ಅದರಿಂದ ಹೊರಟ ಕೊಂಬೆಗಳು. ಪೆನ್‌ಡ್ರೈವ್ ಹಾಕಿದರೂ ಅದು ಒಂದು ಕೊಂಬೆಯಾಗಿ ಸೇರಿಕೊಳ್ಳುತ್ತದೆ. ಮೊದಲ ದಿನ ಇದು ತಲೆ ಕೆಡಿಸುತ್ತದೆ. ಫೋಲ್ಡರ್ ಎಂದರೇನು ಎಂದು ನನಗೆ ನಿಜವಾಗಿ ಅರ್ಥವಾದದ್ದು ಮಾತ್ರ ಆ ದಿನವೇ.

ಇನ್ನೊಂದು ಉದಾಹರಣೆ ಸ್ವಲ್ಪ ಗಂಭೀರವಾದದ್ದು. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಬಾಲ, ಅಂದರೆ ಪಿಡಿಎಫ್, ಜೆಪಿಜಿ, ಇಎಕ್ಸ್‌ಇ ಇತ್ಯಾದಿ, ಆ ಫೈಲು ಯಾವ ಜಾತಿಯದು ಎಂದು ಹೇಳುತ್ತದೆ. ವಿಂಡೋಸ್ ತಾನಾಗಿಯೇ ಈ ಬಾಲವನ್ನು ಮರೆಮಾಡಿರುತ್ತದೆ. ಆದ್ದರಿಂದ ‘ರಸೀದಿ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಫೈಲು ‘ರಸೀದಿ ಡಾಟ್ ಪಿಡಿಎಫ್’ ಎಂದೇ ಕಾಣುತ್ತದೆ. ಒತ್ತಿದರೆ ರಸೀದಿ ತೆರೆಯುವುದಿಲ್ಲ, ಪ್ರೋಗ್ರಾಮೊಂದು ಓಡಲು ಶುರುವಾಗುತ್ತದೆ. 2000ದ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಸುತ್ತಿದ ‘ಐ ಲವ್ ಯೂ’ ವೈರಸ್ ಇದೇ ಉಪಾಯ ಹೂಡಿತ್ತು. ಪ್ರೇಮಪತ್ರ ಎಂಬ ಹೆಸರು, ಟಿಎಕ್ಸ್‌ಟಿ ಎಂಬ ಮುಗ್ಧ ಬಾಲ, ಅದರ ಹಿಂದೆ ಬಚ್ಚಿಟ್ಟ ವಿಬಿಎಸ್ ಎಂಬ ನಿಜವಾದ ಬಾಲ. ಲಿನಕ್ಸಿನಲ್ಲಿ ಒಂದು ಫೈಲು ಓಡಬಹುದೇ ಇಲ್ಲವೇ ಎನ್ನುವುದು ಹೆಸರಿನಿಂದ ತೀರ್ಮಾನವಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಅನುಮತಿ ಇರುತ್ತದೆ, ಇಳಿಸಿಕೊಂಡ ಫೈಲಿಗೆ ಸಾಮಾನ್ಯವಾಗಿ ಆ ಅನುಮತಿ ಇರುವುದಿಲ್ಲ. ಇದನ್ನು ಕಂಡ ಮೇಲೆ ವಿಂಡೋಸಿಗೆ ಮರಳಿ ಹೋಗಿ ಬಾಲ ತೋರಿಸುವ ಆಯ್ಕೆಯನ್ನು ಒತ್ತಿದರೆ, ಲಿನಕ್ಸ್ ನೋಡಿದ್ದಕ್ಕೆ ಅಷ್ಟೇ ಲಾಭ ಸಾಕು.

ಮೂಲಪಾಠದಲ್ಲಿ ಏನೇನು

ಪಠ್ಯಪುಸ್ತಕಗಳಲ್ಲಿ ‘ಕಂಪ್ಯೂಟರ್ ಎಂದರೇನು, ಅದರ ಭಾಗಗಳಾವುವು’ ಎಂದು ಶುರುವಾಗುವ ಪಾಠ ಇದಲ್ಲ. ಮಾನಿಟರ್ ಎಂದರೆ ಮಾನಿಟರ್, ಅದು ಎಲ್ಲರಿಗೂ ಗೊತ್ತು. ಬೇಕಾದದ್ದು ಬೇರೆ.

ಅಳಿಸಿದರೆ ಏನಾಗುತ್ತದೆ ಎಂದು ಗೊತ್ತಿರಬೇಕು. ಕಸದಬುಟ್ಟಿ ಖಾಲಿ ಮಾಡಿದರೂ ಹಾರ್ಡ್ ಡಿಸ್ಕಿನಲ್ಲಿ ಫೈಲು ಕೂಡಲೇ ಮಾಯವಾಗುವುದಿಲ್ಲ. ಪರಿವಿಡಿಯಿಂದ ಅದರ ಹೆಸರು ಹೋಗುತ್ತದೆ, ಪುಟಗಳು ಹಾಗೇ ಇರುತ್ತವೆ, ಬೇರೇನಾದರೂ ಅಲ್ಲಿ ಬಂದು ಕೂರುವವರೆಗೆ. ಆದ್ದರಿಂದ ಮುಖ್ಯವಾದದ್ದು ಅಳಿಸಿಹೋದರೆ ಕೂಡಲೇ ಆ ಡಿಸ್ಕಿಗೆ ಏನನ್ನೂ ಬರೆಯದೆ ನಿಲ್ಲಿಸುವುದೇ ಜಾಣತನ. ಹಳೆಯ ಡಿಸ್ಕನ್ನು ಮಾರುವಾಗ ಬರೀ ಅಳಿಸಿದರೆ ಸಾಲದು ಎನ್ನುವುದೂ ಇದೇ ಕಾರಣಕ್ಕೆ. ಹಾರ್ಡ್ ಡಿಸ್ಕಿನ ಬದಲು ಈಗ ಬರುವ, ಚಿಪ್ಪುಗಳಿಂದಾದ ಎಸ್‌ಎಸ್‌ಡಿಗಳು ಅಳಿಸಿದ ಜಾಗವನ್ನು ತಾವಾಗಿಯೇ ಬೇಗ ತೊಳೆದುಬಿಡುತ್ತವೆ, ಹಾಗಾಗಿ ಅಲ್ಲಿ ಮರಳಿ ಸಿಗುವ ಆಸೆ ಕಡಿಮೆ.

ಸಿಂಕ್ ಆಗುವುದು ಬೇರೆ, ಬ್ಯಾಕಪ್ ಬೇರೆ. ಇದನ್ನು ತಿಳಿಯದೆ ಅತ್ತವರನ್ನು ನೋಡಿದ್ದೇನೆ. ಕ್ಲೌಡಿನ ಜೊತೆ ಸಿಂಕ್ ಆಗುವ ಫೋಲ್ಡರ್ ಒಂದು ಕನ್ನಡಿಯಿದ್ದಂತೆ. ಇಲ್ಲಿ ಒಂದು ಫೋಟೊ ಅಳಿಸಿದರೆ ಕನ್ನಡಿಯಲ್ಲೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ ಕೆಲವು ದಿನ ಸಿಗಬಹುದು, ಆಮೇಲೆ ಇಲ್ಲ. ಬ್ಯಾಕಪ್ ಎಂದರೆ ನೀವು ಇಲ್ಲಿ ಏನು ಎಡವಟ್ಟು ಮಾಡಿದರೂ ತನ್ನ ಪಾಡಿಗೆ ತಾನು ಬೇರೆ ಕಡೆ ಕೂತಿರುವ ಪ್ರತಿ. ವೃತ್ತಿಯವರು ಇದಕ್ಕೆ 3-2-1 ಎಂಬ ಸೂತ್ರ ಇಟ್ಟುಕೊಂಡಿದ್ದಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿ.

ಅಪ್‌ಡೇಟ್ ಯಾಕೆ ಎನ್ನುವುದು ಮೂರನೆಯದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಬಿಟ್ಟಿತ್ತು. ‘ಆಮೇಲೆ ನೆನಪಿಸು’ ಎಂದು ಒತ್ತುತ್ತಾ ಬಂದವರ ಬಾಗಿಲು ತೆರೆದೇ ಇತ್ತು.

ಇಷ್ಟರ ಜೊತೆಗೆ ಪಾಸ್‌ವರ್ಡು ಎಲ್ಲಿದೆ, ಯಾವ ಖಾತೆಯದು ಎಂಬ ಅರಿವಿದ್ದರೆ ಸಾಮಾನ್ಯ ಬಳಕೆದಾರರಿಗೆ ಧಾರಾಳವಾಯಿತು. ಪ್ರೋಗ್ರಾಮಿಂಗ್ ಬೇಕಿಲ್ಲ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡುವುದೂ ಬೇಕಿಲ್ಲ.

ಬೇರೆ ದಾರಿ ಯಾವುದು

ಬೇರೆ ಆಪರೇಟಿಂಗ್ ಸಿಸ್ಟಂ ಎಂದರೆ ಹೆದರುವವರು ಒಂದು ಮಾತು ಮರೆತಿರುತ್ತಾರೆ: ಅವರು ಈಗಾಗಲೇ ಎರಡು ಮೂರನ್ನು ಬಳಸುತ್ತಿದ್ದಾರೆ. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. ಕ್ರೋಮ್‌ಬುಕ್ಕಿನದೂ ಲಿನಕ್ಸೇ. ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಎಲ್ಲವೂ ಲಿನಕ್ಸ್. ಅದು ಅಪರೂಪವಾಗಿರುವುದು ಮೇಜಿನ ಮೇಲೆ ಮಾತ್ರ.

ಅದರ ಕಥೆ ಚಿಕ್ಕದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಯೂನಿಕ್ಸ್ ಮಾದರಿಯ ಸಿಸ್ಟಂ ಒಂದನ್ನು ಮಾಡುತ್ತೇನೆಂದು ಗ್ನೂ ಯೋಜನೆಯನ್ನು ಘೋಷಿಸಿದರು. ಎಲ್ಲ ಸಿದ್ಧವಾಗುತ್ತಾ ಬಂತು, ಕರ್ನೆಲ್ ಮಾತ್ರ ಆಗಲಿಲ್ಲ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನೊಂದು ಸಿಸ್ಟಂ ಬರೆಯುತ್ತಿದ್ದೇನೆ, ಹವ್ಯಾಸಕ್ಕಷ್ಟೇ, ಗ್ನೂವಿನಷ್ಟು ದೊಡ್ಡದೇನೂ ಆಗುವುದಿಲ್ಲ ಎಂದು ಪ್ರಕಟಿಸಿದರು. ಗ್ನೂವಿಗೆ ಇಲ್ಲದಿದ್ದ ಕರ್ನೆಲ್ ಅದೇ ಆಯಿತು, ಅದೇ ಲಿನಕ್ಸ್. ಭವಿಷ್ಯ ಹೇಳುವುದರಲ್ಲಿ ಅವರು ಸೋತರು.

ಕರ್ನೆಲಿಗೆ ಮೇಲುಹೊದಿಕೆ, ತಂತ್ರಾಂಶ, ಇನ್‌ಸ್ಟಾಲ್ ಮಾಡುವ ವ್ಯವಸ್ಥೆ ಎಲ್ಲ ಸೇರಿಸಿ ಕಟ್ಟಿದ ಮೂಟೆಗೆ ಡಿಸ್ಟ್ರೊ ಎನ್ನುತ್ತಾರೆ. ಯಾರು ಬೇಕಾದರೂ ಕಟ್ಟಬಹುದಾದ್ದರಿಂದ ನೂರಾರು ಇವೆ. ಹೊಸಬರು ಇಲ್ಲೇ ದಾರಿತಪ್ಪುವುದು. ಯಾವುದು ಶ್ರೇಷ್ಠ ಎಂಬ ಜಗಳಕ್ಕೆ ಕಿವಿಗೊಟ್ಟರೆ ಆಯುಷ್ಯ ಸಾಲುವುದಿಲ್ಲ. 1993ರಲ್ಲಿ ಡೆಬಿಯನ್ ಹುಟ್ಟಿತು, 2004ರಲ್ಲಿ ಅದರ ಮೇಲೆ ಉಬುಂಟು, 2006ರಲ್ಲಿ ಉಬುಂಟುವಿನ ಮೇಲೆ ಮಿಂಟ್. ಅಜ್ಜ, ಅಪ್ಪ, ಮಗ ಇದ್ದಂತೆ. ವಿಂಡೋಸ್ ನೋಡಿ ಅಭ್ಯಾಸವಾದವರಿಗೆ ಮಿಂಟ್ ಹಿಡಿಸುತ್ತದೆ, ಅಲ್ಲಿಂದಲೇ ಶುರುಮಾಡಿ. ಇದು ನನ್ನ ಪಕ್ಷಪಾತ ಎಂದುಕೊಂಡರೂ ಅಡ್ಡಿಯಿಲ್ಲ. ಮೂರು ವಾರ ಆರಿಸುತ್ತಾ ಕೂರುವುದಕ್ಕಿಂತ ಪಕ್ಷಪಾತವೇ ವಾಸಿ.

ಅಲ್ಲಿ ತಂತ್ರಾಂಶ ಹಾಕಿಕೊಳ್ಳುವ ಕ್ರಮ ನಿಮಗೆ ಹೊಸದೆನಿಸುವುದಿಲ್ಲ, ಫೋನಿನಲ್ಲಿ ಮಾಡುವುದೇ. ಒಂದು ಉಗ್ರಾಣ ಇರುತ್ತದೆ, ಅಲ್ಲಿಂದ ಹುಡುಕಿ ಹಾಕಿಕೊಳ್ಳುವುದು, ಎಲ್ಲದರ ಅಪ್‌ಡೇಟೂ ಒಟ್ಟಿಗೆ ಅಲ್ಲಿಂದಲೇ. ಡೆಬಿಯನ್ನಿನಲ್ಲಿ ಇದಕ್ಕೆ ಬೇಕಾದ ಆಪ್ಟ್ ಎಂಬ ಸಾಧನ 1999ರಲ್ಲೇ ಬಂದಿತ್ತು, ಐಫೋನಿನ ಆಪ್ ಸ್ಟೋರ್ ತೆರೆಯುವುದಕ್ಕೆ ಒಂಬತ್ತು ವರ್ಷ ಮೊದಲು.

‘ಲಿನಕ್ಸಿಗೆ ವೈರಸ್ ಬರುವುದಿಲ್ಲ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಮೋಸದ ಕೊಂಡಿ ಒತ್ತಿ ನೀವೇ ಪಾಸ್‌ವರ್ಡು ಬರೆದುಕೊಟ್ಟರೆ ಯಾವ ಸಿಸ್ಟಮ್ಮೂ ಕಾಯಲಾರದು. 2024ರ ಮಾರ್ಚಿನಲ್ಲಿ ಫೈಲು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಲಿನಕ್ಸ್ ಸರ್ವರುಗಳಿಗೆ ಹೊರಗಿನಿಂದ ನುಗ್ಗಲು ಮಾಡಿಕೊಂಡಿದ್ದ ಏರ್ಪಾಡು ಅದು. ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡು ಯಾಕೆ ತಡವಾಗುತ್ತಿದೆ ಎಂದು ಬೆನ್ನುಹತ್ತಿದಾಗ ಸಿಕ್ಕಿಬಿತ್ತು. ತಂತ್ರಾಂಶದ ಒಳಗಿನ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದ್ದರಿಂದ ಹಿಡಿಯಲಾಯಿತು ಎನ್ನುವುದು ನಿಜ. ತೆರೆದಿದ್ದರಿಂದಲೇ ಅಪರಿಚಿತರೊಬ್ಬರು ಸಹಾಯಕರಾಗಿ ಒಳಸೇರಿದರು ಎನ್ನುವುದೂ ಅಷ್ಟೇ ನಿಜ. ಅಂದಹಾಗೆ ಫ್ರಾಯ್ಂಡ್ ಆಗ ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟಿನಲ್ಲಿ. ಲಿನಕ್ಸ್ ಭಕ್ತರು ಈ ವಿವರವನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಈಗ ಯಾಕೆ ಈ ಮಾತು

2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ತೇಪೆ ಸಿಗುವ ಏರ್ಪಾಡೂ ಇತ್ತು. ಬೆಂಬಲ ಮುಗಿಯಿತೆಂದರೆ ಯಂತ್ರ ನಿಲ್ಲುವುದಿಲ್ಲ, ನಿನ್ನೆಯಂತೆಯೇ ಓಡುತ್ತದೆ. ಹೊಸ ತೂತು ಕಂಡರೆ ತೇಪೆ ಬರುವುದಿಲ್ಲ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಹೆಚ್ಚುಕಡಿಮೆ 2018ರಿಂದೀಚಿನ ಪ್ರೊಸೆಸರ್ ಬೇಕು. ಪರದೆ, ಕೀಲಿಮಣೆ, ಡಿಸ್ಕ್ ಎಲ್ಲ ಸರಿಯಿದ್ದೂ ‘ಹಳತಾಯಿತು’ ಎಂದು ಮೂಲೆ ಸೇರಿದ ಲ್ಯಾಪ್‌ಟಾಪುಗಳು ಹೀಗೆ ಹುಟ್ಟಿದವು. ಮುದ್ದೆಯಾಗಿ ನೋಡುವವರಿಗೆ ಅಲ್ಲಿ ಯಂತ್ರ ಮುಗಿದಿದೆ. ಬಿಡಿಸಿ ನೋಡುವವರಿಗೆ ಒಂದು ಪದರ ಮಾತ್ರ ಮುಗಿದಿದೆ.

ಅಂಥದ್ದೊಂದು ಮನೆಯಲ್ಲಿದ್ದರೆ ಪ್ರಯೋಗಕ್ಕೆ ಅದೇ ಸರಿ. ಇಲ್ಲದಿದ್ದರೆ ಈಗ ಬಳಸುತ್ತಿರುವ ಯಂತ್ರದಲ್ಲೇ ಏನನ್ನೂ ಅಳಿಸದೆ ನೋಡಬಹುದು. ಇದಕ್ಕೆ ಲೈವ್ ಸಿಸ್ಟಂ ಎನ್ನುತ್ತಾರೆ. 2000ದಲ್ಲಿ ನಾಪಿಕ್ಸ್ ಎಂಬ ಡಿಸ್ಟ್ರೊ ಸಿಡಿಯಿಂದ ನೇರವಾಗಿ ಓಡಿ ಈ ಉಪಾಯವನ್ನು ಜನಪ್ರಿಯ ಮಾಡಿತು, ಈಗ ಸಿಡಿಯ ಜಾಗದಲ್ಲಿ ಪೆನ್‌ಡ್ರೈವ್ ಬಂದಿದೆ. ಇದು ಸಾಧ್ಯವಾಗುವುದು ಗುಂಡಿ ಒತ್ತಿದ ಮೇಲಿನ ಆ ಸರಪಳಿಯಿಂದಲೇ. ಯುಇಎಫ್ಐ ಎಲ್ಲಿಂದ ಬೂಟ್ ಮಾಡಬೇಕೆಂದು ಹುಡುಕುವಾಗ ‘ಡಿಸ್ಕ್ ಬಿಡು, ಪೆನ್‌ಡ್ರೈವ್ ನೋಡು’ ಎಂದು ಹೇಳುತ್ತೇವೆ. ಕರ್ನೆಲ್ ಅಲ್ಲಿಂದ ಮೆಮೊರಿಗೆ ಬಂದು ಕೂರುತ್ತದೆ. ಒಳಗಿನ ಡಿಸ್ಕಿನಲ್ಲಿ ವಿಂಡೋಸ್ ಮಲಗಿದ್ದಲ್ಲೇ ಮಲಗಿರುತ್ತದೆ.

ಮಾಡುವ ಬಗೆ ಹೀಗೆ. ಡಿಸ್ಟ್ರೊದ ಅಧಿಕೃತ ತಾಣದಿಂದ ಐಎಸ್‌ಒ ಫೈಲು, ಅಂದರೆ ಇಡೀ ಸಿಸ್ಟಮ್ಮನ್ನು ಒಂದೇ ಫೈಲಾಗಿ ಕಟ್ಟಿದ್ದನ್ನು, ಇಳಿಸಿಕೊಳ್ಳಿ. ಅದರ ಜೊತೆ 64 ಅಕ್ಷರಗಳ ಚೆಕ್‌ಸಮ್ ಒಂದು ಕೊಟ್ಟಿರುತ್ತಾರೆ. ಇಳಿಸಿದ ಫೈಲಿನದನ್ನೂ ಲೆಕ್ಕ ಹಾಕಿ ತಾಳೆ ನೋಡಿದರೆ ದಾರಿಯಲ್ಲಿ ಫೈಲು ಕೆಟ್ಟಿಲ್ಲವೆಂದು ಖಾತ್ರಿ. 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್‌ನಂಥ ಉಪಕರಣದಿಂದ ಅದನ್ನು ಬರೆಯಿರಿ. ಬರೀ ಕಾಪಿ ಮಾಡಿ ಅಂಟಿಸಿದರೆ ಬೂಟ್ ಆಗುವುದಿಲ್ಲ. ಹೀಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಯಂತ್ರ ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿ. ಯಾವ ಕೀಲಿ ಎನ್ನುವುದು ಯಂತ್ರದ ಮೇಲೆ ಹೋಗುತ್ತದೆ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮರೆಯಬಾರದು. ಈಗಿನ ಎಷ್ಟೋ ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ, ನಿಮಗೆ ಗೊತ್ತಿಲ್ಲದೆಯೂ, ಹಾಕಿಕೊಂಡಿರುತ್ತದೆ. ಬೂಟ್ ಮಾಡುವ ವ್ಯವಸ್ಥೆಯಲ್ಲಿ ಏನಾದರೂ ಬದಲಾದಂತೆ ಕಂಡರೆ ಅದು 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಯಂತ್ರದೊಳಗೇ ಫೈಲು ಮಾಡಿ ಇಟ್ಟರೆ ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ.

ಲೈವ್ ಸಿಸ್ಟಮ್ಮಿನೊಳಗೆ ಹೋದ ಮೇಲೆ ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ, ಪ್ರಿಂಟರ್, ಬೆರಳಚ್ಚು ಓದುವ ಗುಂಡಿ ಕೆಲಸ ಮಾಡುತ್ತವೆಯೇ ನೋಡಿ. ಕನ್ನಡ ಓದಲು ತೊಂದರೆಯಾಗದು, ಟೈಪ್ ಮಾಡಲು ಕೀಲಿಮಣೆ ವಿನ್ಯಾಸ ಸೇರಿಸಿಕೊಳ್ಳಬೇಕು. ಪೆನ್‌ಡ್ರೈವಿನಿಂದ ಓಡುವುದರಿಂದ ನಿಧಾನ ಎನಿಸುವುದು ಸಹಜ, ಅದರಿಂದ ಲಿನಕ್ಸನ್ನು ಅಳೆಯಬೇಡಿ. ‘ಇನ್‌ಸ್ಟಾಲ್’ ಎಂಬ ಚಿತ್ರ ಪರದೆಯ ಮೇಲೆ ಕಣ್ಣಿಗೆ ರಾಚುವಂತೆ ಇರುತ್ತದೆ. ಅದನ್ನು ಮುಟ್ಟದಿರುವವರೆಗೆ ಮತ್ತು ಡಿಸ್ಕಿನ ಫೈಲುಗಳನ್ನು ನೀವೇ ಕೈಯಾರೆ ಅಳಿಸದಿರುವವರೆಗೆ ಒಳಗಿನದು ಕ್ಷೇಮ.

ಯಾರಿಗೆ ಬೇಡ

ಪ್ರಯತ್ನಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ, ಬದಲಾಯಿಸಿ ಎಂದು ಹೇಳುವುದಿಲ್ಲ. ಫೋಟೊಶಾಪ್ ಇಲ್ಲದೆ ಅನ್ನ ಹುಟ್ಟದವರಿಗೆ ಲಿನಕ್ಸ್ ಅಲ್ಲ. ಅದು ಅಲ್ಲಿಗೆ ಬಂದಿಲ್ಲ. ಮೈಕ್ರೋಸಾಫ್ಟ್ ಆಫೀಸಿನ ಪೂರ್ತಿ ಆವೃತ್ತಿಯೂ ಇಲ್ಲ. ಅದರ ಬದಲು ಲಿನಕ್ಸಿನಲ್ಲಿ ಸಿಗುವ ಲಿಬ್ರೆಆಫೀಸ್ ಪತ್ರ ಬರೆಯಲು, ಲೆಕ್ಕ ಹಾಕಲು ಧಾರಾಳ ಸಾಕು. ಆದರೆ ಮ್ಯಾಕ್ರೊ (ಹಾಳೆಯೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಮು) ತುಂಬಿದ ಎಕ್ಸೆಲ್ ಹಾಳೆಯನ್ನು ದಿನವೂ ಮೇಲಧಿಕಾರಿಗೆ ಕಳಿಸಬೇಕಾದವರು ಅದರ ಮೇಲೆ ನೆಚ್ಚಬಾರದು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಎಂಬ ಉಪಾಯ 1993ರಿಂದಲೂ ಬೆಳೆಯುತ್ತಾ ಬಂದಿದೆ. ಅದರ ಮೇಲೆ ಕಟ್ಟಿದ ಪ್ರೋಟಾನ್ 2018ರಲ್ಲಿ ಬಂದ ಮೇಲೆ ಆಟಗಳ ಲೋಕವೇ ಬದಲಾಯಿತು. ಆದರೂ ಮೋಸ ತಡೆಯುವ ಕಾವಲು ತಂತ್ರಾಂಶ ಕಟ್ಟಿಕೊಂಡ ಕೆಲವು ಆನ್‌ಲೈನ್ ಆಟಗಳು ಒಳಗೇ ಬಿಡುವುದಿಲ್ಲ. ವೃತ್ತಿಗೆ ಬೇಕಾದ ಒಂದೇ ಒಂದು ತಂತ್ರಾಂಶ ಅಥವಾ ಒಂದು ಯಂತ್ರದ ಡ್ರೈವರ್ ವಿಂಡೋಸಿಗೆ ಮಾತ್ರ ಇದ್ದರೂ ಸಾಕು, ಅಲ್ಲಿಗೆ ಚರ್ಚೆ ಮುಗಿಯಿತು.

ಯಾರಿಗೆ ಸಲೀಸು ಎಂದರೆ, ವಿಚಿತ್ರವೆನಿಸಬಹುದು, ಕಂಪ್ಯೂಟರ್ ಕಡಿಮೆ ಬಲ್ಲವರಿಗೆ. ಅವರ ಲೋಕವೆಲ್ಲ ಬ್ರೌಸರಿನೊಳಗೇ ಇರುತ್ತದೆ: ಮೇಲ್, ಬ್ಯಾಂಕು, ವಿಡಿಯೊ, ಸುದ್ದಿ. ಬ್ರೌಸರ್ ಎಲ್ಲ ಕಡೆಯೂ ಒಂದೇ. ಹೆಚ್ಚು ಒದ್ದಾಡುವವರು ಅರೆಪರಿಣತರು, ವಿಂಡೋಸಿನ ಒಳದಾರಿಗಳನ್ನು ಬಾಯಿಪಾಠ ಮಾಡಿಕೊಂಡವರು. ಅವರ ವಿದ್ಯೆಯಲ್ಲಿ ಕಂಪ್ಯೂಟರಿನದೆಷ್ಟು, ವಿಂಡೋಸಿನದೆಷ್ಟು ಎಂದು ಮೊದಲ ವಾರದಲ್ಲೇ ಬೇರ್ಪಟ್ಟುಬಿಡುತ್ತದೆ. ಅದು ನೋಯುತ್ತದೆ. ನನಗೂ ನೊಂದಿತ್ತು.

ಇನ್ನೊಂದು ಎಚ್ಚರಿಕೆ ಅವರಿಗೇ. ಲಿನಕ್ಸಿನಲ್ಲಿ ಏನೋ ಸರಿಯಿಲ್ಲವೆಂದು ಹುಡುಕಿದರೆ ‘ಈ ಸಾಲನ್ನು ಟರ್ಮಿನಲ್ಲಿಗೆ ಅಂಟಿಸಿ’ ಎಂಬ ಸಲಹೆಗಳು ರಾಶಿ ಸಿಗುತ್ತವೆ. ಟರ್ಮಿನಲ್ ಎಂದರೆ ಆಜ್ಞೆ ಟೈಪ್ ಮಾಡುವ ಆ ಕಪ್ಪು ಪರದೆ. ಸಾಲಿನ ಮೊದಲಲ್ಲಿ ಸುಡೊ ಎಂದಿದ್ದರೆ ಅದು ಪಾರುಪತ್ಯಗಾರನ ಬೀಗದಕೈಯನ್ನೇ ಕೇಳುತ್ತಿದೆ ಎಂದರ್ಥ. ಆ ಸಾಲು ಏನು ಮಾಡುತ್ತದೆಂದು ಓದಿ ತಿಳಿಯದೆ ಅಂಟಿಸಬೇಡಿ.

ನೋಡಿ ಮುಗಿದ ಮೇಲೆ ಸಿಸ್ಟಂ ನಿಲ್ಲಿಸಿ, ಪೆನ್‌ಡ್ರೈವ್ ಕಿತ್ತು ಮತ್ತೆ ಶುರುಮಾಡಿ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಏಳುತ್ತದೆ, ಗೋಡೆಚಿತ್ರ ಕೂಡ ಅದೇ. ಗಡಿಯಾರ ಮಾತ್ರ ಕೆಲವು ಗಂಟೆ ಹಿಂದೆಯೋ ಮುಂದೆಯೋ ಇರಬಹುದು. ಗಾಬರಿಯಾಗಬೇಡಿ, ಏನೂ ಹೋಗಿಲ್ಲ. ಮದರ್‌ಬೋರ್ಡಿನ ಮೇಲೆ ಪುಟ್ಟ ಗಡಿಯಾರವೊಂದು ಇರುತ್ತದೆ. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ಓದಿಕೊಳ್ಳುತ್ತದೆ. ಲಿನಕ್ಸ್ ಅದೇ ಗಡಿಯಾರವನ್ನು ಜಾಗತಿಕ ಸಮಯಕ್ಕೆ ತಿರುಗಿಸಿಟ್ಟು, ನಿಮ್ಮ ಊರಿನ ಲೆಕ್ಕವನ್ನು ತಾನು ಬೇರೆಯಾಗಿ ಮಾಡಿಕೊಳ್ಳುತ್ತದೆ. ದಿನಾಂಕದ ಆಯ್ಕೆಗಳಿಗೆ ಹೋಗಿ ‘ಈಗ ಸಿಂಕ್ ಮಾಡು’ ಎಂದು ಒತ್ತಿದರೆ ಸಮಯ ಸರಿಹೋಗುತ್ತದೆ.